ದ್ವೀಪ ತೆರೆಯುತ್ತಿಲ್ಲ

ಆಗಸ್ಟ್ 23, ಭಾನುವಾರ

ಬಂದಾಯಿತು. ಒಂದು ಟ್ರಂಕು, ಒಂದು ಬಕೆಟ್ಟು, ಎರಡು ಬೀಗ, ನಾನು. ಬಕೆಟ್ಟಿನ ಮೇಲೆ ಪೇಂಟಿನಲ್ಲಿ ಬರೆದಿದ್ದ ನನ್ನ ಹಾಸ್ಟೆಲ್ ನಂಬರು ನೋಡಿ ಅತ್ತೆ, “ಇದೇನೇ ಇದು, ನಮ್ಮನೇಲಿ ಬಕೆಟ್ ಕಳ್ಳರಿದಾರೆ ಅಂತ ಯಾರು ಹೇಳಿದ್ರು ನಿಂಗೆ?” ಅಂದರು. ನಗಬೇಕಿತ್ತು ಅಂತ ಈಗ ಹೊಳೆಯುತ್ತಿದೆ. ಆಗ “ಸಾರಿ ಅತ್ತೆ” ಅಂದುಬಿಟ್ಟೆ.

ಇವರು ಅಪ್ಪನ ತಂಗಿ. ಅಪ್ಪ ಅಮ್ಮ ಇಬ್ಬರೂ ಸೇತುವೆ ಕಟ್ಟುವ ಕಂಪನಿಯವರು. ಒಂದು ಸೇತುವೆ ಮುಗಿಯಿತೆಂದರೆ ಗಂಟುಮೂಟೆ ಸಮೇತ ಇನ್ನೊಂದು ನದಿಯ ದಡಕ್ಕೆ. ಅದಕ್ಕೇ ನನಗೆ ಮೂರನೇ ಕ್ಲಾಸಿನಿಂದ ಹಾಸ್ಟೆಲ್ಲು. ಕಾಲೇಜಿಗೂ ಹಾಸ್ಟೆಲ್ಲೇ ಅಂದುಕೊಂಡಿದ್ದೆ. ಅತ್ತೆ ಫೋನಿನಲ್ಲಿ ಅಪ್ಪನ ಹತ್ತಿರ ಏನು ಜಗಳವಾಡಿದರೋ, ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ. ಮಾವ ಹಡಗಿನಲ್ಲಿ ಎಂಜಿನಿಯರ್, ತಿಂಗಳುಗಟ್ಟಲೆ ನೀರಿನ ಮೇಲೆ. ಅಂದರೆ ಈ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅವರನ್ನು ನಾನು ನೋಡಿರುವುದು ಮೂರೋ ನಾಲ್ಕೋ ಸಲ. ಒಬ್ಬರೇ ಇರುವವರ ಮನೆಗೆ ಎರಡನೆಯವಳಾಗಿ ಬರುವುದು ಹೇಗೆ ಅಂತ ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ.

ಅತ್ತೆ ಹಲ್ಲು ಮಾಡುತ್ತಾರೆ. ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ಇವರು ಮುಂದಿನ ಕೋಣೆಯಲ್ಲಿ ಕೂತು ಮೇಣದಲ್ಲಿ, ಪಿಂಗಾಣಿಯಲ್ಲಿ ಹಲ್ಲು ಕಟ್ಟಿ ವಾಪಸ್ ಕಳಿಸುತ್ತಾರೆ. ಶೆಲ್ಫಿನ ತುಂಬ ಪ್ಲಾಸ್ಟರಿನ ದವಡೆಗಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದವು. ನಾನು ಹೊಸ್ತಿಲಲ್ಲಿ ನಿಂತು “ಮೇ ಐ ಕಮಿನ್?” ಅಂದೆ.

“ನನ್ನನ್ನ ನೀವು ಅಂತಾಳೆ, ಬಾಗಿಲಲ್ಲಿ ನಿಂತು ಮೇ ಐ ಅಂತಾಳೆ. ನಾನೇನು ಪ್ರಿನ್ಸಿಪಾಲಾ? ಬಾ ಮಹಾರಾಣಿ, ಒಳಗೆ ಬಾ.”

ಒಂದು ಹಲ್ಲನ್ನು ದೀಪದ ಎದುರು ಹಿಡಿದು ತೋರಿಸಿದರು. ತುದಿಯಲ್ಲಿ ಅದು ಗಾಜಿನ ಹಾಗೆ ತೆಳು ನೀಲಿ, ಬುಡದಲ್ಲಿ ಹಾಲಿನ ಕೆನೆಯ ಬಣ್ಣ, ನಡುವೆ ಎರಡೂ ಅಲ್ಲದ ಏನೋ. ನನ್ನ ಬಾಯಲ್ಲೇ ಇಷ್ಟು ಬಣ್ಣ ಇಟ್ಟುಕೊಂಡು ಹದಿನೆಂಟು ವರ್ಷ ಹಲ್ಲು ಬಿಳಿ ಅಂತ ನಂಬಿದ್ದೆ.

ಸಂಜೆ ತಮ್ಮ ಮ್ಯಾಕ್ ತಂದು ನನ್ನ ಮೇಜಿನ ಮೇಲಿಟ್ಟರು. “ಕಂಪ್ಯೂಟರ್ ಓದೋಳಿಗೆ ಕಂಪ್ಯೂಟರ್ ಬೇಡ್ವಾ? ವಾರವೆಲ್ಲ ನಿಂದು, ಭಾನುವಾರ ನಂದು. ಅದರೊಳಗೆ ದ್ವೀಪ ಇದೆ, ಹುಷಾರು.” ದ್ವೀಪ ಅಂದರೇನು ಅಂತ ಕೇಳುವ ಧೈರ್ಯವಾಗಲಿಲ್ಲ, ತಲೆಯಾಡಿಸಿದೆ. ಹಾಸ್ಟೆಲ್ಲಿನ ಮೊದಲ ದಿನ ಸೀನಿಯರ್ ಅಕ್ಕ ಹೇಳಿಕೊಟ್ಟದ್ದು ನೆನಪಿದೆ: ಬೇರೆಯವರ ವಸ್ತು ಕೈಗೆ ಬಂದರೆ ಮೊದಲು ಬೀಗ ಹಾಕು, ಆಮೇಲೆ ಉಸಿರಾಡು. ಅತ್ತೆಯ ಫೋಲ್ಡರುಗಳಿಗೆಲ್ಲ ಒಂದೊಂದಾಗಿ ಇನ್ಫೋ ತೆಗೆದು ‘ಲಾಕ್ಡ್’ ಅನ್ನುವ ಚೌಕಕ್ಕೆ ಟಿಕ್ ಹಾಕಿದೆ. ಇನ್ನು ನಾನು ನಿದ್ದೆಗಣ್ಣಲ್ಲಿ ಏನು ಒತ್ತಿದರೂ ಯಾವುದೂ ಅಳಿಸಿಹೋಗುವುದಿಲ್ಲ. ಆಮೇಲೆ ಟ್ರಂಕಿಗೊಂದು ಬೀಗ, ಬೀರುವಿಗೊಂದು ಬೀಗ. ಕೀಗಳು ಕುತ್ತಿಗೆಯಲ್ಲಿ.

ಉಸಿರಾಡಿದೆ.

ಆಗಸ್ಟ್ 30, ಭಾನುವಾರ

ದ್ವೀಪ ಅಂದರೆ ಒಂದು ಗೇಮು! ಊಟದ ಹೊತ್ತಿಗೆ ಅತ್ತೆಯೇ ಹೇಳಿದರು.

“ಮೊದಲು ಬರೀ ಸಮುದ್ರ, ಮಧ್ಯೆ ಒಂದು ಬೋಳುಗುಡ್ಡ. ಏನು ಬೇಕೋ ಕಟ್ಕೋಬಹುದು. ಮದುವೆಯಾದ ವರ್ಷ ಶುರು ಮಾಡಿದ್ದು. ನಿಮ್ಮ ಮಾವ ಮನೇಲಿದ್ರೆ ಅವರು ಕಟ್ತಾರೆ, ಹಡಗು ಹತ್ತಿದ್ರೆ ನಾನು. ಒಬ್ರು ಕಟ್ಟಿದ್ದನ್ನ ಇನ್ನೊಬ್ರು ಕೆಡವಂಗಿಲ್ಲ. ಮತ್ತೆ, ಹೊರಡೋರು ಒಂದು ಕೆಲಸ ಅರ್ಧಕ್ಕೆ ಬಿಟ್ಟೇ ಹೊರಡ್ಬೇಕು.”

“ಯಾಕೆ?”

“ಪೂರ್ತಿ ಮುಗಿಸಿಬಿಟ್ರೆ ವಾಪಸ್ ಬರೋಕೆ ನೆಪ ಎಲ್ಲಿರುತ್ತೆ ಅಂತಾರೆ. ನನ್ನ ಕೇಳಿದ್ರೆ, ಅದು ಬರೀ ಸೋಮಾರಿತನ.”

ಮಾವ ಈ ಸಲ ಹೋದಷ್ಟು ದಿನ ಯಾವತ್ತೂ ಹೋಗಿರಲಿಲ್ಲವಂತೆ. ಬರುವ ತಿಂಗಳು ಇಪ್ಪತ್ತನೇ ತಾರೀಕು ಬರುತ್ತಾರೆ. ಅತ್ತೆ ಇಷ್ಟು ತಿಂಗಳು ಕೂತು ಏನೋ ಕಟ್ಟಿದ್ದಾರೆ, ಏನು ಅಂತ ಹೇಳುವುದಿಲ್ಲ. “ನೋಡಿ ಅವರು ಬಾಯಿ ತೆರೆದ್ರೆ ನಾನು ಹಾಗೇ ಅಚ್ಚು ತೆಗೀಬಹುದು, ಅಷ್ಟು ದೊಡ್ಡದಾಗಿ ತೆರೀತಾರೆ” ಅಂದರು. ಕೊನೆಯ ಕೆಲಸ ಸ್ವಲ್ಪ ಉಳಿದಿದೆಯಂತೆ. ಇವತ್ತೇ ಕೂರಬೇಕಿತ್ತು, ಯಾರೋ ಡಾಕ್ಟರ ಅರ್ಜೆಂಟ್ ಹಲ್ಲುಸೆಟ್ಟಿನ ಕೆಲಸ ಬಂದು ಆಗಲಿಲ್ಲ.

ಅತ್ತೆ ನಗುವಾಗ ಒಂದು ಕಡೆಯ ಕೆನ್ನೆ ಮಾತ್ರ ನಗುತ್ತದೆ. ಅಪ್ಪನ ಹಾಗೆಯೇ.

ಸೆಪ್ಟೆಂಬರ್ 4, ಶುಕ್ರವಾರ

ಲ್ಯಾಬಿನ ಸಾಫ್ಟ್‌ವೇರ್ ಹಳೇ ಸಿಸ್ಟಮ್ಮಿಗೆ ಬರುವುದಿಲ್ಲ ಅಂತ ಮೇಡಂ ಅಂದರು. ಮ್ಯಾಕನ್ನು ಅಪ್‌ಡೇಟ್ ಮಾಡಿದೆ. ಮಧ್ಯಾಹ್ನವೆಲ್ಲ ಒಂದು ಬಿಳಿ ಗೆರೆ ಇರುವೆಯ ಹಾಗೆ ನಡೆಯಿತು. ಕ್ಲಾಸಿನಲ್ಲಿ ಎಲ್ಲರಿಗೂ ಎಲ್ಲ ಗೊತ್ತು. ನನಗೆ ‘ಲೂಪ್’ ಅನ್ನುವುದು ಎಲ್ಲಿ ನಿಲ್ಲುತ್ತದೆ ಅಂತಲೇ ಗೊತ್ತಾಗುವುದಿಲ್ಲ.

ಸೆಪ್ಟೆಂಬರ್ 6, ಭಾನುವಾರ

ದ್ವೀಪ ತೆರೆಯುತ್ತಿಲ್ಲ.

ಅತ್ತೆ ಬೆಳಿಗ್ಗೆ ಕೈ ತೊಳೆದುಕೊಂಡು, ಉಗುರಿನ ಮೇಣವನ್ನೆಲ್ಲ ತೆಗೆದು, ಯಾವುದೋ ಸಮಾರಂಭಕ್ಕೆ ಹೊರಟವರ ಹಾಗೆ ಬಂದು ಕೂತರು. ಗೇಮ್ ಶುರುವಾಯಿತು. ಪಟ್ಟಿಯಲ್ಲಿ ‘ದ್ವೀಪ’ ಅಂತ ಹೆಸರೂ ಬಂತು. ಒತ್ತಿದರೆ, “ಈ ಲೋಕವನ್ನು ತೆರೆಯಲು ಆಗಲಿಲ್ಲ.” ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ. ಲೋಕ ಅನ್ನುವ ಪದವನ್ನು ಅಷ್ಟು ಸಲೀಸಾಗಿ ಬರೆದವನು ಯಾರೋ!

“ನಾನು ಅಪ್‌ಡೇಟ್ ಮಾಡಿದೆ ಅತ್ತೆ. ಮೊನ್ನೆ. ನಿಮ್ಮನ್ನ ಕೇಳದೆ.”

“ಕಾಲೇಜಿಗೆ ಬೇಕಿತ್ತಲ್ಲ, ಮಾಡ್ದೆ.”

“ಬೇರೆ ಕಾಪಿ ಏನಾದ್ರೂ...”

“ಕಾಪಿ ಯಾಕೆ ಇಟ್ಕೊಳ್ಲಿ? ಅದು ಇಲ್ಲೇ ಇತ್ತಲ್ಲ.” ಎದ್ದರು. “ಇರ್ಲಿ ಬಿಡು. ನಂಗೂ ಕೆಲಸ ಇದೆ.”

ಮುಂದಿನ ಕೋಣೆಯಲ್ಲಿ ಹಲ್ಲು ಉಜ್ಜುವ ಸಣ್ಣ ಮೋಟರಿನ ಸದ್ದು ಸಂಜೆಯವರೆಗೂ ನಿಲ್ಲಲಿಲ್ಲ. ಹಾಸ್ಟೆಲ್ಲಿನಲ್ಲಿ ಬೈಗುಳಕ್ಕೂ ಒಂದು ಬೆಲ್ ಇತ್ತು. ಬೈದು ಮುಗಿಯಿತೆಂದರೆ ಊಟ. ಇಲ್ಲಿ ಬೈಗುಳವೇ ಶುರುವಾಗಿಲ್ಲ, ಮುಗಿಯುವುದು ಯಾವಾಗ?

ಸೆಪ್ಟೆಂಬರ್ 7, ಸೋಮವಾರ

ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವಳಿಗೆ ‘ಚಾರ್ಜರ್’ ಅಂತ ಹೆಸರು ಬಿದ್ದಿದೆ, ಯಾವಾಗಲೂ ಯಾರದ್ದಾದರೂ ಚಾರ್ಜರ್ ಕೇಳುತ್ತಿರುತ್ತಾಳೆ. ಅವಳಿಗೆ ಹೇಳಿದೆ. “ಅಯ್ಯೋ, ಗೇಮ್ ಡಿಲೀಟ್ ಮಾಡಿ ಮತ್ತೆ ಹಾಕು. ಇದೇನು ಬ್ರಹ್ಮವಿದ್ಯೆನಾ?” ಅಂದಳು.

“ಅದರ ಜೊತೆ ದ್ವೀಪಾನೂ ಹೋದ್ರೆ?”

“ಹೋದ್ರೆ ಇನ್ನೊಂದು ಕಟ್ಲಿ. ಗೇಮ್ ತಾನೆ?”

ಅತ್ತೆ ಮಾವ ಮದುವೆಯಾದ ವರ್ಷದಿಂದ ಕಟ್ಟುತ್ತಿರುವುದು ಅಂತ ಹೇಳಿದೆ. ಚಾರ್ಜರ್, “ಹಾಗಾದ್ರೆ ಮುಟ್ಟಬೇಡ ಮಾರಾಯ್ತಿ” ಅಂದಳು.

ವಾಪಸ್ ಬರುವಾಗ ಕಾಲೇಜ್ ಹಾಸ್ಟೆಲ್ ಆಫೀಸಿಗೆ ಹೋಗಿ ಸೀಟು ಇದೆಯಾ ಕೇಳಿದೆ. ಒಂದು ಇದೆ, ಹದಿನೆಂಟನೇ ತಾರೀಕಿನೊಳಗೆ ಬಂದು ಹೇಳಬೇಕಂತೆ. ಕಾರಿಡಾರಿನಲ್ಲಿ ಫಿನಾಯಿಲಿನ ವಾಸನೆ, ನಂಬರು ಬರೆದ ಬಾಗಿಲುಗಳು. ಎಲ್ಲ ಎಷ್ಟು ಗೊತ್ತಿರುವಂಥದ್ದು! ಮಾವ ಬರುವ ಮುಂಚೆಯೇ ಹೊರಟುಬಿಟ್ಟರೆ ಒಳ್ಳೆಯದು. ಅವರ ಮನೆ, ಅವರ ದ್ವೀಪ. ಹಾಳು ಮಾಡಿದವಳು ಎದುರಿಗೆ ಕೂತು ಊಟ ಮಾಡುವುದಾದರೂ ಹೇಗೆ?

ಸೆಪ್ಟೆಂಬರ್ 9, ಬುಧವಾರ

ಇವತ್ತು ದ್ವೀಪದ ಒಳಗನ್ನು ನೋಡಿದೆ. ಗೇಮಿನಲ್ಲಿ ಅಲ್ಲ, ಫೋಲ್ಡರಿನಲ್ಲಿ.

ಡಾಕ್ಯುಮೆಂಟ್ಸ್‌ನಲ್ಲಿ ‘ದ್ವೀಪ’ ಅಂತ ಒಂದೇ ಫೋಲ್ಡರು. ಅದರ ಚಿತ್ರದ ಮೂಲೆಯಲ್ಲಿ ನಾನು ಹಾಕಿದ ಪುಟ್ಟ ಬೀಗ ಹಾಗೇ ಇದೆ. ಸದ್ಯ, ಅದೊಂದಾದರೂ ಸರಿಯಾಗಿ ಮಾಡಿದ್ದೆನಲ್ಲ ಅಂತ ಸಮಾಧಾನವಾಯಿತು. ತೆರೆದರೆ ಒಳಗೆ ಸಾವಿರಗಟ್ಟಲೆ ಸಣ್ಣ ಸಣ್ಣ ಫೈಲುಗಳು, ಬರೀ ಅಂಕಿಗಳೇ ಹೆಸರು. ಒಂದೊಂದು ಫೈಲೂ ದ್ವೀಪದ ಒಂದೊಂದು ತುಂಡು ಜಾಗವಂತೆ, ಇಷ್ಟು ಸಮುದ್ರ, ಇಷ್ಟು ಗುಡ್ಡ. ಪಕ್ಕದಲ್ಲಿ ಅದನ್ನು ಕೊನೆಯ ಸಲ ಮುಟ್ಟಿದ ತಾರೀಕು. ತಾರೀಕಿನ ಪ್ರಕಾರ ಜೋಡಿಸಿದೆ. ಮಾವ ಬಂದಿದ್ದ ರಜೆಗಳು ಒಂದೊಂದು ದಟ್ಟ ಗುಂಪು. ಅವರು ಹೋದ ಮೇಲೆ ಅತ್ತೆಯವು, ಭಾನುವಾರ, ಭಾನುವಾರ, ಭಾನುವಾರ. ಎಷ್ಟೋ ವರ್ಷಗಳಿಂದ ಯಾರೂ ಕಾಲಿಡದ ತುಂಡುಗಳೂ ಇವೆ, ಆ ಸಮುದ್ರ ಹಾಗೇ ಅಲ್ಲೇ ಕಾಯುತ್ತಿದೆ. ಪಟ್ಟಿಯ ತುದಿಯಲ್ಲಿ ಈ ಬೇಸಿಗೆಯದ್ದು, ನಾನು ಬರುವುದಕ್ಕೆ ಮುಂಚಿನದು. ಒಂದೇ ಮೂಲೆಯ ಕೆಲವು ತುಂಡುಗಳನ್ನು ಅತ್ತೆ ದಿನಾ ದಿನಾ ಮುಟ್ಟಿದ್ದಾರೆ, ಭಾನುವಾರವಲ್ಲದ ದಿನವೂ.

ಇಬ್ಬರು ಮನುಷ್ಯರ ಸಂಸಾರ ಹೀಗೆ ಅಂಕಿಯ ಹೆಸರು ಹೊತ್ತು ಸಾಲಾಗಿ ನಿಂತಿರುವುದನ್ನು ನೋಡಿ ಮೈ ಜುಮ್ಮೆಂದಿತು. ನಾನು ಓದುತ್ತಿರುವುದು ಇದನ್ನೇನಾ? ಕ್ಲಾಸಿನಲ್ಲಿ ಯಾರೂ ಹೀಗಂತ ಹೇಳಲಿಲ್ಲವಲ್ಲ.

ಆಮೇಲೆ ಜಾಣತನ ಮಾಡಿದೆ. ಏನಾದರೂ ಮಾಡುವ ಮುಂಚೆ ಒಂದು ಕಾಪಿ ತೆಗೆದೆ, ಅದನ್ನು ಗೇಮಿಗೆ ತೋರಿಸಿದೆ. ಕಾಪಿಯೂ ತೆರೆಯಲಿಲ್ಲ. ಅದೇ ವಾಕ್ಯ. ಅಂದರೆ ಕೆಟ್ಟಿರುವುದು ಗೇಮ್ ಅಲ್ಲ, ದ್ವೀಪವೇ. ಹೊಸದಾಗಿ ಒಂದು ಖಾಲಿ ಲೋಕ ಶುರುಮಾಡಿದರೆ ಅದು ಮಾತ್ರ ಚೆನ್ನಾಗಿ ತೆರೆಯಿತು, ಬೋಳುಗುಡ್ಡ ಸಮೇತ. ಸೇವ್ ಮಾಡದೆ ಮುಚ್ಚಿಬಿಟ್ಟೆ.

ಸಂಜೆ ಮಾವನ ಫೋನು. ಅವರ ದನಿ ನೀರಿನಡಿಯಿಂದ ಬಂದ ಹಾಗೆ, ಪ್ರತಿ ಮಾತೂ ತಡವಾಗಿ. ಸ್ಪೀಕರಿನಲ್ಲಿ ಕೇಳಿಸಿತು.

“ದ್ವೀಪ ಹೇಗಿದೆ?”

“ಇದೆ. ಬಂದು ನೋಡ್ಕೊಳ್ಳಿ.”

“ನನ್ನ ಸುರಂಗ ಏನು ಮಾಡ್ದೆ?”

“ಹೇಳಲ್ಲ. ಇಡ್ತೀನಿ, ಕೈಯೆಲ್ಲಾ ಪ್ಲಾಸ್ಟರು.”

ಕೈಯಲ್ಲಿ ಪ್ಲಾಸ್ಟರ್ ಇರಲಿಲ್ಲ.

ಸೆಪ್ಟೆಂಬರ್ 10, ಗುರುವಾರ

ಟೆಸ್ಟಿನಲ್ಲಿ ಕಡಿಮೆ ಬಂತು. ದ್ವೀಪವೂ ಬರಲಿಲ್ಲ. ಬರೆಯಲು ಮನಸ್ಸಿಲ್ಲ.

ಸೆಪ್ಟೆಂಬರ್ 12, ಶನಿವಾರ

ಇವತ್ತಿನದನ್ನು ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ಇನ್ನೂ ನಂಬಿಕೆ ಬರುತ್ತಿಲ್ಲ.

ಲೈಬ್ರರಿಯಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ನಮ್ಮ ಹಾಗೆ ಲೋಕ ಕಳೆದುಕೊಂಡು ಗೋಳಾಡುತ್ತಿರುವವರು ಎಷ್ಟೊಂದು ಜನ! ಒಬ್ಬಾತ ಬರೆದಿದ್ದ: ಗೇಮ್ ತನ್ನ ತಾಪತ್ರಯವನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಡುತ್ತದೆ, ಅದು ‘ಲೈಬ್ರರಿ’ ಅನ್ನುವ ಫೋಲ್ಡರಿನಲ್ಲಿರುತ್ತದೆ, ಆ ಫೋಲ್ಡರನ್ನು ಮ್ಯಾಕ್ ಬಚ್ಚಿಟ್ಟಿರುತ್ತದೆ. ‘ಗೋ’ ಮೆನು ತೆಗೆದು ಆಪ್ಷನ್ ಕೀ ಒತ್ತಿ ಹಿಡಿಯಬೇಕು.

ಮನೆಗೆ ಬಂದು ಹಾಗೇ ಮಾಡಿದೆ. ಮೆನುವಿನಲ್ಲಿ ಇಲ್ಲದ ಒಂದು ಹೆಸರು ಸಾಲಿನ ನಡುವೆ ತಟ್ಟನೆ ಎದ್ದು ನಿಂತಿತು. ಬೆರಳು ತೆಗೆದೆ, ಇಲ್ಲ. ಒತ್ತಿದೆ, ಇದೆ. ಇಲ್ಲ. ಇದೆ. ಎಷ್ಟು ಸಲ ಮಾಡಿದೆನೋ, ಹಿಂದೆ ಅತ್ತೆ ಬಂದು ನಿಂತದ್ದೂ ತಿಳಿಯಲಿಲ್ಲ.

“ಏನೇ ಅದು, ಕಣ್ಣು ಮಿಟುಕಿಸ್ತಾ ಇದೆ?”

“ಇಲ್ಲಿ ಒತ್ತಿ ನೋಡಿ ಅತ್ತೆ.”

ಒತ್ತಿದರು. ಬಿಟ್ಟರು. ಒತ್ತಿದರು. “ಇಷ್ಟು ವರ್ಷ ಇದು ಇಲ್ಲೇ ಇತ್ತಾ?”

“ಹೂಂ.”

“ಅಲ್ಲ ಕಣೇ, ನಮ್ಮನೇಲೇ ಇನ್ನೊಂದು ರೂಮಿತ್ತು ಅಂದಂಗಾಯ್ತು. ಬಾಡಿಗೆಗಾದ್ರೂ ಕೊಡ್ತಿದ್ದೆ.”

ಭಾನುವಾರದಿಂದ ಈಚೆಗೆ ಆ ಒಂದು ಕೆನ್ನೆ ನಕ್ಕದ್ದು ಇವತ್ತೇ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಒಳಗೆ ಹೋದೆವು. ಎಷ್ಟು ಫೋಲ್ಡರುಗಳು! ಮ್ಯಾಕಿನಲ್ಲಿರುವ ಒಂದೊಂದಕ್ಕೂ ಅಲ್ಲಿ ಒಂದೊಂದು ಮನೆ, ನಾವು ಮೇಲೆ ಓಡಾಡಿಕೊಂಡಿರುವಾಗ ಕೆಳಗೆ ಸದ್ದಿಲ್ಲದೆ ಒಂದು ಊರೇ ದುಡಿಯುತ್ತಿದೆ. ಗೇಮಿನ ಹೆಸರಿನದು ಸಿಕ್ಕಿತು. ಅದರೊಳಗೆ ಆ ಫೈಲು. ದ್ವೀಪವನ್ನು ನಾವು ಒತ್ತಿದ ಪ್ರತಿ ಸಲವೂ ಅದು ಬರೆದುಕೊಂಡಿದೆ, ಪ್ರತಿ ಸಲವೂ ಅದೇ ಮಾತು. ಫೈಲು ಕೆಟ್ಟಿದೆ ಅಂತ ಎಲ್ಲೂ ಇಲ್ಲ. ‘ಬರೆಯಲು ಅನುಮತಿ ಇಲ್ಲ’ ಅಂತ ಇದೆ.

“ಹಂಗಂದ್ರೆ?”

“ದ್ವೀಪ ಕೆಟ್ಟಿಲ್ಲ ಅತ್ತೆ. ಗೇಮಿಗೆ ಒಳಗೆ ಹೋಗೋಕೆ ಪರ್ಮಿಷನ್ ಇಲ್ಲ ಅಷ್ಟೇ.”

“ಸರಿಹೋಯ್ತು. ನಿನ್ನ ಹಾಗೆ ಅದೂ ಬಾಗಿಲಲ್ಲಿ ಮೇ ಐ ಅಂತ ನಿಂತಿದೆ ಅನ್ನು.”

ಸೆಪ್ಟೆಂಬರ್ 13, ಭಾನುವಾರ

ಅನುಮತಿ ಎಲ್ಲೆಲ್ಲಿ ಕೊಡಬಹುದೋ ಅಲ್ಲೆಲ್ಲ ಕೊಟ್ಟೆ. ಸೆಟ್ಟಿಂಗ್ಸ್, ಪ್ರೈವಸಿ, ಫೈಲ್ಸ್, ಎಲ್ಲ ಹಸಿರು. ಮ್ಯಾಕ್ ಆರಿಸಿ ಹಚ್ಚಿದೆ. ಅತ್ತೆ ಉಗುರಿನ ಮೇಣ ತೆಗೆದುಕೊಂಡು ಬಂದು ಕೂತಿದ್ದರು.

ಇಲ್ಲ.

“ಮಾವಂಗೆ ಹೇಳಿಬಿಡೋಣ” ಅಂದೆ, ಊಟಕ್ಕೆ ಕೂತಾಗ.

“ಹಡಗಿನಲ್ಲಿದಾರೆ. ಅಲ್ಲಿ ಅವರ ಕಣ್ಣಿಗೆ ಬೀಳೋದು ಎಂಜಿನ್ನು, ಗೋಡೆ, ನೀರು. ಇಷ್ಟು ದಿನ ತಲೆಯೊಳಗೆ ದ್ವೀಪ ಇಟ್ಕೊಂಡೇ ಇದ್ದಾರೆ. ಬಂದಮೇಲೆ ಹೇಳಿದ್ರಾಯ್ತು. ಅಲ್ಲಿ ಬೇಡ.”

ನಾನು ಹಾಸ್ಟೆಲ್ ಸೀಟಿನ ವಿಷಯ ಹೇಳೋಣ ಅಂತ ಬಾಯಿ ತೆರೆದೆ. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು, ಬಾಯಿ ತೆರೆದದ್ದು ಅದಕ್ಕೇ ಅಂದುಕೊಂಡು. ಊಟ ಮಾಡಿದೆ.

ಸೆಪ್ಟೆಂಬರ್ 16, ಬುಧವಾರ

ತೆರೆಯಿತು ತೆರೆಯಿತು ತೆರೆಯಿತು!

ಕಾಲೇಜಿನಿಂದ ಬಂದು ನೋಡಿದರೆ ನನ್ನ ಒಗೆದ ಬಟ್ಟೆಗಳು ಮಡಚಿ ಬೀರುವಿನ ಮುಂದಿನ ಕುರ್ಚಿಯ ಮೇಲಿದ್ದವು, ಹೋದ ವಾರದ ಹಾಗೆಯೇ. ಅದರ ಹಿಂದಿನ ವಾರದ ಹಾಗೆಯೂ. ಮೇಲಿಂದ ಒಂದು ಕುರ್ತಾ ನೆಲಕ್ಕೆ ಜಾರಿತ್ತು. ಅತ್ತೆ ಅದನ್ನು ಎತ್ತಿ ಕೊಡವುತ್ತಿದ್ದರು.

“ನಾನೇ ಇಟ್ಕೋತೀನಿ ಅತ್ತೆ, ನೀವ್ಯಾಕೆ...”

“ಇಡೋಕೆ ನಂಗೇನು ಕಷ್ಟ? ಬೀಗ ಜಡಿದಿದ್ದೀಯಲ್ಲ. ಒಳಗಿರೋದು ಹೊರಗೆ ಹೋಗಬಾರ್ದು ಅಂತ ಬೀಗ, ಸರಿ, ಒಪ್ಪಿದೆ. ಹೊರಗಿಂದು ಒಳಗೆ ಹೇಗಮ್ಮಾ ಹೋಗ್ಬೇಕು? ನಾನು ಮಡಚಿದ್ದನ್ನ ತಲೆ ಮೇಲೆ ಇಟ್ಕೊಂಡು ನಿಂತ್ಕೊಳ್ಲಾ?”

ನಾನು ಕುತ್ತಿಗೆಯ ಕೀ ಹಿಡಿದುಕೊಂಡು ನಿಂತೆ. ಬೀಗ. ಫೋಲ್ಡರಿನ ಮೂಲೆಯಲ್ಲಿ ಪುಟ್ಟ ಬೀಗ. ಸದ್ಯ ಅದೊಂದಾದರೂ...

ಓಡಿದೆ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ‘ದ್ವೀಪ’, ಇನ್ಫೋ, ‘ಲಾಕ್ಡ್’. ನಾನೇ ಹಾಕಿದ ಟಿಕ್ಕು, ಮೊದಲ ದಿನ, ಜಾಣತನದಿಂದ! ಕಾಪಿಯ ಮೇಲೂ ಅದೇ ಬೀಗ, ಬೀಗ ಹಾಕಿದ್ದರ ಕಾಪಿಗೂ ಬೀಗ ಬರುತ್ತದೆ, ಅದಕ್ಕೇ ಅದೂ ತೆರೆಯಲಿಲ್ಲ. ಅಪ್‌ಡೇಟಿಗೂ ಇದಕ್ಕೂ ಏನೂ ಸಂಬಂಧವೇ ಇರಲಿಲ್ಲ. ನಾನು ಇಷ್ಟು ದಿನ ದ್ವೀಪ ತೆರೆಯುವುದೆಂದರೆ ಪುಸ್ತಕ ತೆರೆದ ಹಾಗೆ ಅಂದುಕೊಂಡಿದ್ದೆ. ಹಾಗಲ್ಲ. ಒಳಗೆ ಕಾಲಿಟ್ಟ ಕೂಡಲೇ ಗೇಮ್ ಆ ಫೋಲ್ಡರಿನಲ್ಲಿ ‘ಇವತ್ತು ಬಂದೆ’ ಅಂತ ಒಂದು ಸಣ್ಣ ಗುರುತು ಇಡಬೇಕು. ಗುರುತು ಇಡಲು ಜಾಗ ಕೊಡದಿದ್ದರೆ ಅದು ಒಳಗೇ ಬರುವುದಿಲ್ಲ.

ಟಿಕ್ ತೆಗೆದೆ. ಒತ್ತಿದೆ.

ಮೊದಲು ಕಪ್ಪು. ಆಮೇಲೆ ಕಪ್ಪಿನ ಅಂಚಿನಲ್ಲಿ ಒಂದು ಕಿತ್ತಳೆ ಗೆರೆ. ಅಲ್ಲಿ ಬೆಳಗಾಗುತ್ತಿತ್ತು. ಸಮುದ್ರ ಬಣ್ಣ ಬಣ್ಣವಾಗಿ ಎದ್ದಿತು, ಬುಡದಲ್ಲಿ ಕೆನೆ, ತುದಿಯಲ್ಲಿ ತೆಳು ನೀಲಿ, ಅತ್ತೆ ದೀಪಕ್ಕೆ ಹಿಡಿದಿದ್ದ ಹಲ್ಲಿನ ಹಾಗೆಯೇ. ದಡದುದ್ದಕ್ಕೂ ದೀಪಗಳು ಒಂದಾದ ಮೇಲೊಂದು ಆರುತ್ತಾ ಬಂದವು, ಯಾರೋ ರಾತ್ರಿಯೆಲ್ಲ ಕಾದಿದ್ದು ಈಗ ಮಲಗಲು ಹೋಗುತ್ತಿರುವ ಹಾಗೆ. ಉಸಿರು ಹಿಡಿದಿದ್ದೆ. ಹತ್ತು ದಿನ ಒಂದು ವಾಕ್ಯದ ಹಿಂದೆ ಇದೆಲ್ಲ ಇತ್ತು.

ಅತ್ತೆ ಕುರ್ತಾ ಹಿಡಿದುಕೊಂಡೇ ಬಂದಿದ್ದರು. ಕುರ್ತಾದಲ್ಲೇ ಮೂಗು ಒರೆಸಿಕೊಂಡರು.

“ಬೀಗ ನಾನೇ ಹಾಕಿದ್ದು ಅತ್ತೆ. ಬಂದ ದಿನ. ನಿಮ್ಮದು ಏನೂ ಹಾಳಾಗಬಾರ್ದು ಅಂತ.”

ಅತ್ತೆ ನನ್ನನ್ನು ನೋಡಿದರು, ಮ್ಯಾಕ್ ನೋಡಿದರು, ನನ್ನ ಕುತ್ತಿಗೆಯ ಕೀಗಳನ್ನು ನೋಡಿದರು. ಆಮೇಲೆ ನಗು ಶುರುವಾಯಿತು. ಎರಡೂ ಕೆನ್ನೆ. ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. “ಅಯ್ಯೋ ನನ್ನಪ್ಪಾ! ಕಳ್ಳರು ಬರ್ತಾರೆ ಅಂತ ಯಜಮಾನಿಯನ್ನೇ ಆಚೆ ಹಾಕಿ ಬೀಗ ಜಡಿದಿದಾಳೆ!”

ನಾನೂ ಅವಳ ಪಕ್ಕ ಕೂತೆ. ಗುಡ್ಡದ ಕಡೆ ಹೋಗಿ ನೋಡೋಣ ಅಂದರೆ ಅತ್ತೆ ತಟ್ಟನೆ ಮ್ಯಾಕ್ ಮುಚ್ಚಿದಳು. “ಉಹೂಂ. ಅವರು ಬರ್ಲಿ. ಎಲ್ಲಾ ಒಟ್ಟಿಗೆ.”

ಸೆಪ್ಟೆಂಬರ್ 20, ಭಾನುವಾರ

ಮಾವ ಬಂದರು. ಬಾಗಿಲು ತುಂಬುವಷ್ಟು ದೊಡ್ಡ ಮನುಷ್ಯ, ಬಟ್ಟೆಯಲ್ಲಿ ಡೀಸೆಲ್ಲಿನ ವಾಸನೆ. ಚೀಲ ಇಳಿಸುವ ಮೊದಲೇ, “ಎಲ್ಲಿ ನಮ್ಮ ವಾರ್ಡನ್ ಮೇಡಂ?” ಅಂದರು. ಕರೆತರಲು ಹೋಗಿದ್ದ ಅತ್ತೆ ದಾರಿಯಲ್ಲೇ ಎಲ್ಲ ಒದರಿದ್ದಾಳೆ. ನನಗೆ ನಾಚಿಕೆಯಾಯಿತು, ಆದರೆ ನಗುವೂ ಬಂತು.

ಸ್ನಾನ ಮುಗಿಸಿ ಮೂವರೂ ಮ್ಯಾಕಿನ ಮುಂದೆ ಕೂತೆವು. ದ್ವೀಪದ ದಡದಲ್ಲಿ ಒಂದು ಬಿಳಿ ಬಂಡೆ, ಅಪ್ಪಟ ದವಡೆ ಹಲ್ಲು.

“ಮದುವೆಯಾದ ಹೊಸದರಲ್ಲಿ ಹೂವು ಕೊಟ್ಟೆ, ತಿರುಗಿ ನೋಡ್ಲಿಲ್ಲ” ಅಂದರು ಮಾವ. “ಇದನ್ನ ಕಟ್ಟಿಕೊಟ್ಟೆ, ಅತ್ತುಬಿಟ್ಲು.”

“ಅತ್ತಿದ್ದು ಯಾಕೆ ಅಂತಾನೂ ಹೇಳಿ. ಮೇಲಿನ ದವಡೆ ಹಲ್ಲಿಗೆ ಮೂರು ಬೇರು, ಇವರು ಎರಡೇ ಹಾಕಿದ್ರು ಕಣೇ. ಸಂಕಟ ಆಗಲ್ವಾ?”

ಮಾವ ಹೋದ ಸಲ ಅರ್ಧಕ್ಕೆ ಬಿಟ್ಟು ಹೋಗಿದ್ದು ಒಂದು ಸುರಂಗ. ಗುಡ್ಡದ ಬುಡದಲ್ಲಿ ನಾಲ್ಕು ಹೆಜ್ಜೆ ಹೋಗಿ ಬಂಡೆಗೆ ಮೂಗು ತಾಗಿಸಿ ನಿಂತಿತ್ತಂತೆ. ಈಗ ಅದರ ಕೊನೆಯಲ್ಲಿ ಒಂದು ಸಣ್ಣ ಬಾಗಿಲು. ಮಾವ ತೆರೆದರು.

ಇದನ್ನು ಹೇಗೆ ಬರೆಯಲಿ? ಗುಡ್ಡದ ಒಳಗೆ ಗುಡ್ಡವೇ ಇರಲಿಲ್ಲ. ಅಷ್ಟನ್ನೂ ಅತ್ತೆ ಒಳಗಿನಿಂದ ಕೊರೆದು ಟೊಳ್ಳು ಮಾಡಿದ್ದಾಳೆ, ಒಂದೊಂದೇ ಕಲ್ಲು ತೆಗೆದು, ಭಾನುವಾರ ಭಾನುವಾರ. ಹೊರಗಿನಿಂದ ನೋಡಿದರೆ ಮುಟ್ಟಿದ ಗುರುತೇ ಇಲ್ಲ. ಮೇಲೆ ತುದಿಯಲ್ಲಿ ಒಂದು ಕಿಂಡಿ, ಅಲ್ಲಿಂದ ಬೆಳಕೂ ನೀರೂ ಒಟ್ಟಿಗೆ ಇಳಿಯುತ್ತವೆ. ನೀರಿನ ಹಿಂದೆ ದೀಪಗಳು. ಗೋಡೆಗೆ ಅಂಟಿಕೊಂಡು ಸುತ್ತಿ ಸುತ್ತಿ ಹತ್ತುವ ಮೆಟ್ಟಿಲು, ತಿರುವು ತಿರುವಿಗೂ ಒಂದು ಕಿಟಕಿ, ಕಿಟಕಿ ಕಿಟಕಿಗೂ ಬೇರೆ ಬೇರೆ ಸಮುದ್ರ. ತಲೆಯೆತ್ತಿ ನೋಡುತ್ತಾ ಇದ್ದರೆ ಈ ಕುರ್ಚಿಯ ಮೇಲೆ ಕೂತೇ ತಲೆ ಸುತ್ತುತ್ತದೆ. ಹೊರಗಿನವರಿಗೆ ಒಂದು ಬೋಳುಗುಡ್ಡ. ಒಳಗೆ ಇಷ್ಟು.

ಮಾವನ ಬಾಯಿ ನಿಜವಾಗಿಯೂ ತೆರೆದಿತ್ತು. “ಮುಚ್ಕೊಳ್ಳಿ, ಇಲ್ಲಾ ಪ್ಲಾಸ್ಟರ್ ತರ್ತೀನಿ” ಅಂದಳು ಅತ್ತೆ. ಅವರು ನಗಲಿಲ್ಲ. ಮೌಸ್ ಬಿಟ್ಟು ಅವಳ ಕೈ ಹಿಡಿದುಕೊಂಡರು. ಆ ಕೈಯ ಬೆರಳುಗಳಲ್ಲಿ ಇನ್ನೂ ಮೇಣವಿತ್ತು. ನಾನು ಕಿಟಕಿಯ ಆಚೆ ನೋಡಿದೆ, ನಮ್ಮ ಕೋಣೆಯದ್ದು.

ಮೆಟ್ಟಿಲಿನ ತುದಿಯಲ್ಲಿ ಮೂರು ಬಾಗಿಲು. ಒಂದು ಮಾವನ ಎಂಜಿನ್ ಕೋಣೆ, ಒಂದು ಅತ್ತೆಯದ್ದು. ಮೂರನೆಯದನ್ನು ತೆರೆದರೆ ಒಂದು ಮಂಚ, ಒಂದು ಮೇಜು, ಪೂರ್ವಕ್ಕೆ ಒಂದು ಕಿಟಕಿ. ಮೇಲೆ ನೋಡಿದರೆ ಆಕಾಶ. ಸೂರೇ ಇಲ್ಲ.

“ಇದ್ಯಾರದ್ದು?” ಮಾವ ಕೇಳಿದರು.

“ನಿಮ್ಮದಲ್ಲ, ನಂದೂ ಅಲ್ಲ. ಅಣ್ಣನ ಹತ್ರ ಫೋನಲ್ಲಿ ಜಗಳ ಆಡಿದ ದಿನ ಶುರು ಮಾಡಿದ್ದು.” ಅತ್ತೆ ಮೌಸನ್ನು ನನ್ನ ಕಡೆ ತಳ್ಳಿದಳು. “ಸೂರು ನಾನು ಹಾಕಲ್ಲ. ಅದು ನಿನ್ನ ಪಾಲಿನ ಕೆಲಸ.”

“ನಂಗೆ ಗೇಮ್ ಆಡೋಕೇ ಬರಲ್ಲ ಅತ್ತೆ.”

“ಹತ್ತು ದಿನ ಅದರ ಹೊಟ್ಟೆಯೆಲ್ಲ ಬಗೆದು ನೋಡಿದೀಯ, ಒಂದು ಹಲಗೆ ಇಡೋಕೆ ಬರಲ್ವಾ?”

ಇಟ್ಟೆ. ಸೊಟ್ಟಗಾಯಿತು. ಯಾರೂ ಸರಿಮಾಡಲಿಲ್ಲ. ಕೆಡವಂಗಿಲ್ಲವಲ್ಲ, ನಿಯಮ.

ತುಂಬ ಹೊತ್ತು ಸ್ಕ್ರೀನಿಗೆ ಹತ್ತಿರ ಕೂತಿದ್ದಕ್ಕೋ ಏನೋ ಕಣ್ಣು ಉರಿಯುತ್ತಿತ್ತು. ಹಾಸ್ಟೆಲ್ ಆಫೀಸಿಗೆ ಹದಿನೆಂಟಕ್ಕೆ ಹೋಗಬೇಕಿತ್ತು, ಈಗ ನೆನಪಾಯಿತು.

ಅಕ್ಟೋಬರ್ 9, ಶುಕ್ರವಾರ

ನಾಲ್ಕು ದಿನ ರಜೆ. ಹೊಸ ಸೇತುವೆಯ ಹತ್ತಿರ ಅಪ್ಪ ಅಮ್ಮನನ್ನು ನೋಡಿಕೊಂಡು ಬರಲು ಹೊರಟಿದ್ದೇನೆ. ಟ್ರಂಕಿನ ಕೀ ಎಲ್ಲಿಟ್ಟೆನೋ ಸಿಗಲಿಲ್ಲ, ಮಾವನ ಚೀಲದಲ್ಲೇ ಎರಡು ಜೊತೆ ಬಟ್ಟೆ ತುರುಕಿಕೊಂಡೆ. ಬಕೆಟ್ಟು ಒಯ್ಯುವಂತಿಲ್ಲ, ಅತ್ತೆ ಅದರಲ್ಲಿ ಪ್ಲಾಸ್ಟರ್ ಕಲಸುತ್ತಾಳೆ. ನಂಬರು ಇರುವ ಜಾಗದಲ್ಲಿ ಬಿಳಿ ಗಟ್ಟಿಯಾಗಿ ಮೆತ್ತಿಕೊಂಡಿದೆ.

ಚಾರ್ಜರ್ ನಿನ್ನೆ ತನ್ನ ರೂಮ್‌ಮೇಟಿನ ಮ್ಯಾಕ್ ಹಿಡಿದುಕೊಂಡು ಬಂದಿದ್ದಳು. ಅದರಲ್ಲೂ ಯಾವುದೋ ಲೋಕ ತೆರೆಯುತ್ತಿರಲಿಲ್ಲ. ಆಪ್ಷನ್ ಕೀ ಒತ್ತಿ ತೋರಿಸಿದೆ. ಅವಳ ಬಾಯಿ ಮಾವನದಕ್ಕಿಂತ ದೊಡ್ಡದಾಗಿ ತೆರೆಯಿತು. ಲೂಪು ಎಲ್ಲಿ ನಿಲ್ಲುತ್ತದೆ ಅಂತಲೂ ಈಗೀಗ ತಿಳಿಯುತ್ತಿದೆ. ನಿಲ್ಲು ಅಂತ ನಾವೇ ಹೇಳಬೇಕಂತೆ.

ಬೆಳಿಗ್ಗೆ ಬೇಗ ಎದ್ದು ಸೂರಿನ ಕೆಲಸಕ್ಕೆ ಕೂತೆ. ಕೊನೆಯ ಹಲಗೆಗೆ ಬಂದಾಗ ಅಲ್ಲಿ ಸೂರ್ಯ ಹುಟ್ಟುತ್ತಿದ್ದ. ಮಂಚದ ನೇರಕ್ಕೆ ಒಂದೇ ಒಂದು ಹಲಗೆಯಷ್ಟು ಆಕಾಶ ಉಳಿದಿತ್ತು, ಅದರಲ್ಲಿ ಆ ಕಿತ್ತಳೆ. ಕೈಯಲ್ಲಿ ಹಲಗೆ ಹಿಡಿದು ಸ್ವಲ್ಪ ಹೊತ್ತು ನೋಡಿದೆ. ಇಡಲಿಲ್ಲ. ಸೇವ್ ಮಾಡಿದೆ. ಪೆನ್‌ಡ್ರೈವಿಗೂ ಒಂದು ಕಾಪಿ ಹಾಕಿದೆ, ಬೀಗ ಇಲ್ಲದ್ದು.

ಬಸ್ಸಿಗೆ ಹೊತ್ತಾಯಿತು. ಅತ್ತೆ ಮುಂದಿನ ಕೋಣೆಯಲ್ಲಿ ಯಾರದೋ ಹಲ್ಲನ್ನು ದೀಪಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ಕೂತಿದ್ದಾಳೆ. ಒಳಗೆ ಹೋಗಿ ಅವಳ ತಟ್ಟೆಯಿಂದ ಅರ್ಧ ಬಿಸ್ಕೆಟ್ ತೆಗೆದುಕೊಂಡೆ.

“ಒಂದು ಹಲಗೆ ಬಾಕಿ ಇದೆ ಅತ್ತೆ. ನೀನು ಇಡಬೇಡ. ಮಾವಂಗೂ ಹೇಳು.”

“ಗೊತ್ತು ಗೊತ್ತು” ಅಂದಳು, ಹಲ್ಲಿನಿಂದ ಕಣ್ಣು ತೆಗೆಯದೆ. “ಬೆಳಕಿಗೆ ಅಡ್ಡ ನಿಲ್ಬೇಡ. ಹೋಗಿ ಬಾ.”